ನಂಬುಗೆಯ ನೆಲೆಗಳು: ಬೈಬಲಿನ ದೈವನಿಷ್ಠೆ ಮತ್ತು ಶಿಕಾರಿಪುರ-ಸೊರಬ ಪರಿಸರ

೧. ಪ್ರವೇಶ

ಬೈಬಲಿನ ದೇವರ ಗುಣಗಳಲ್ಲಿ ಸರ್ವಶಕ್ತತ್ವ, ನ್ಯಾಯ, ಕರುಣೆಗಳಷ್ಟೇ ಮುಖ್ಯವಾದುದು ಆತನ ನಂಬಿಗಸ್ತಿಕೆ. ಮನುಷ್ಯನಿಂದ ಆತನು ಅಪೇಕ್ಷಿಸುವುದೂ ಅದನ್ನೇ. ಹಳೆಯ ಒಡಂಬಡಿಕೆಯ ಪ್ರವಾದಿಗಳಿಂದ ಹೊಸ ಒಡಂಬಡಿಕೆಯ ಕೊನೆಯ ಪುಸ್ತಕದವರೆಗೆ ಈ ಎಳೆ ತುಂಡಾಗದೆ ಸಾಗಿಬಂದಿದೆ. ಈ ಪರಿಕಲ್ಪನೆಯು ಕನ್ನಡಕ್ಕೆ ಬಂದಾಗ ಯಾವ ಪದಗಳ ಆಸರೆಯನ್ನು ಪಡೆಯಿತು, ಆ ಪದಗಳ ಹಿಂದೆ ಕನ್ನಡ ನೆಲದಲ್ಲಿ ಅದಾಗಲೇ ಬೆಳೆದಿದ್ದ ನಿಷ್ಠೆಯ ಕಲ್ಪನೆಗಳು ಯಾವುವು, ಇವೆರಡೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದಕ್ಕಾಗಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಶಾಸನ, ಕಾವ್ಯ ಹಾಗೂ ಐತಿಹ್ಯಗಳನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಈ ಆಯ್ಕೆಗೆ ಎರಡು ಕಾರಣಗಳಿವೆ. ಮೊದಲನೆಯದು, ನಿಷ್ಠೆಯನ್ನು ಕುರಿತ ಕನ್ನಡದ ಚಿಂತನೆಯ ಬಹುಮುಖ್ಯ ಸಾಮಗ್ರಿ ಇಲ್ಲಿಯೇ ಒತ್ತೊತ್ತಾಗಿ ದೊರೆಯುತ್ತದೆ. ಅಕ್ಕಮಹಾದೇವಿಯ ಹುಟ್ಟೂರೆನ್ನಲಾದ ಉಡುತಡಿ, ಅಲ್ಲಮನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಬಳ್ಳಿಗಾವೆ, ಜೈನತೀರ್ಥವಾಗಿದ್ದ ಬಂದಳಿಕೆ, ಇವು ಶಿಕಾರಿಪುರ ತಾಲೂಕಿನಲ್ಲಿವೆ. ರೇಣುಕೆಯ ಗುಹಾಲಯವಿರುವ ಚಂದ್ರಗುತ್ತಿ, ನಿಷಿಧಿಗಲ್ಲುಗಳ ಹಿರೇಆವಲಿ ಮತ್ತು ಉದ್ಧರೆ ಸೊರಬ ತಾಲೂಕಿನಲ್ಲಿವೆ.

ಎರಡನೆಯ ಕಾರಣ ವಿದ್ವತ್ತಿನ ಇತಿಹಾಸಕ್ಕೆ ಸಂಬಂಧಿಸಿದ್ದು. ಶಿಕಾರಿಪುರದ ಶಾಸನಗಳನ್ನು ಒಳಗೊಂಡ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ ೧೯೦೨ರಲ್ಲಿಯೂ, ಸೊರಬದ ಶಾಸನಗಳಿರುವ ಎಂಟನೆಯ ಸಂಪುಟ ೧೯೦೪ರಲ್ಲಿಯೂ ಪ್ರಕಟವಾದವು. ಇವುಗಳ ಸಂಪಾದಕ ಬಿ. ಎಲ್. ರೈಸ್ (೧೮೩೭-೧೯೨೭). ಆತನ ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿ, ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ಪಾಲ್ಗೊಂಡವರು. ತಮ್ಮ ಇ. ಪಿ. ರೈಸ್ ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು. ಹೀಗೆ ಒಂದೇ ಮನೆಯ ತಂದೆಯ ಮೇಜಿನ ಮೇಲೆ ಬೈಬಲಿನ ಕನ್ನಡವೂ ಮಗನ ಮೇಜಿನ ಮೇಲೆ ವೀರಗಲ್ಲುಗಳ ಕನ್ನಡವೂ ಇದ್ದವು. ಆದರೆ ಈ ಎರಡು ಕನ್ನಡಗಳನ್ನು ಒಟ್ಟಿಗೆ ಇಟ್ಟು ಓದುವ ಪ್ರಯತ್ನಗಳು ವಿರಳ. ಅಕ್ಕನನ್ನು ಆವಿಲಾದ ತೆರೇಸಾಳೊಂದಿಗೆ ಹೋಲಿಸುವ ಬರಹಗಳು ಇವೆಯಾದರೂ ಅವುಗಳಲ್ಲಿ ಬಹುಪಾಲು ಸಾಮ್ಯವನ್ನು ಪಟ್ಟಿಮಾಡಿ ನಿಲ್ಲುತ್ತವೆ. ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ಹೆಚ್ಚು ಬೋಧಪ್ರದ ಎಂಬುದು ಈ ಲೇಖನದ ನಿಲುವು. ಈ ಪರಿಸರದ ಮೇಲೆ ಕ್ರೈಸ್ತ ಪ್ರಭಾವವನ್ನಾಗಲಿ, ಬೈಬಲಿನ ಮೇಲೆ ಇಲ್ಲಿನ ಪ್ರಭಾವವನ್ನಾಗಲಿ ಸಾಧಿಸುವ ಉದ್ದೇಶ ಇಲ್ಲಿಲ್ಲ. ನಿಷ್ಠೆ ಮುರಿದಾಗ ಅದರ ಬೆಲೆಯನ್ನು ತೆರುವವರು ಯಾರು ಎಂಬ ಒಂದೇ ಪ್ರಶ್ನೆಯನ್ನು ಎರಡೂ ಪರಂಪರೆಗಳ ಮುಂದೆ ಇಡಲಾಗಿದೆ.

೨. ಪದಗಳ ಹಿನ್ನೆಲೆ

ಹೀಬ್ರೂ ಭಾಷೆಯಲ್ಲಿ ನಿಷ್ಠೆಯನ್ನು ಸೂಚಿಸುವ ಮುಖ್ಯ ಪದ ‘ಎಮೂನಾ’. ಪ್ರಾರ್ಥನೆಯ ಕೊನೆಯಲ್ಲಿ ಹೇಳುವ ‘ಆಮೆನ್’ ಕೂಡ ಇದೇ ಧಾತುವಿನಿಂದ ಬಂದುದು. ಸ್ಥಿರತೆ, ಅಲುಗದಿರುವಿಕೆ ಇದರ ಮೂಲಾರ್ಥ. ವಿಮೋಚನಕಾಂಡದಲ್ಲಿ ಅಮಾಲೇಕ್ಯರೊಂದಿಗೆ ಯುದ್ಧ ನಡೆಯುವಾಗ ಮೋಶೆಯು ಕೈಯೆತ್ತಿ ನಿಲ್ಲುತ್ತಾನೆ. ಕೈಗಳು ಸೋತಾಗ ಆರೋನ ಮತ್ತು ಹೂರರು ಎರಡು ಬದಿಯಲ್ಲಿ ನಿಂತು ಅವುಗಳಿಗೆ ಆಧಾರವಾಗುತ್ತಾರೆ. ಸೂರ್ಯಾಸ್ತದವರೆಗೆ ಆ ಕೈಗಳು ‘ಎಮೂನಾ’ ಆಗಿದ್ದವು ಎಂಬ ಪ್ರಯೋಗ ಅಲ್ಲಿದೆ. ಅಂದರೆ ಪದದ ಹುಟ್ಟಿನಲ್ಲಿ ಬುದ್ಧಿಯ ಒಪ್ಪಿಗೆಗಿಂತ ದೇಹದ ತಾಳಿಕೆ ಇದೆ. ಆ ತಾಳಿಕೆಗೂ ಬೇರೆಯವರ ಆಸರೆ ಬೇಕಾಗಿದೆ. ಇದರ ಜೊತೆಗೆ ಬರುವ ಮತ್ತೊಂದು ಪದ ‘ಹೆಸೆದ್’. ಸಂಬಂಧವೊಂದರೊಳಗೆ ಇರುವವರು ಪರಸ್ಪರ ತೋರಬೇಕಾದ ಬಿಡದ ಒಲವು ಅದರ ಅರ್ಥ. ಕನ್ನಡ ಬೈಬಲಿನಲ್ಲಿ ಅನೇಕ ಕಡೆ ಅದು ‘ಕೃಪೆ’ ಎಂದಾಗಿದೆ. ಕೃಪೆ ಎಂಬುದು ಮೇಲಿನಿಂದ ಕೆಳಕ್ಕೆ ಇಳಿಯುವಂಥದು. ‘ಹೆಸೆದ್’ನಲ್ಲಿರುವ ಎರಡೂ ಕಡೆಯ ಬಾಧ್ಯತೆಯ ಧ್ವನಿ ಇದರಿಂದ ಮರೆಯಾಗುತ್ತದೆ.

ಹೊಸ ಒಡಂಬಡಿಕೆಯ ಗ್ರೀಕ್ ಪದ ‘ಪಿಸ್ತಿಸ್’. ನಂಬುವುದು ಮತ್ತು ನಂಬಿಕೆಗೆ ತಕ್ಕಂತೆ ನಡೆದುಕೊಳ್ಳುವುದು, ಈ ಎರಡೂ ಅರ್ಥಗಳು ಅದರಲ್ಲಿ ಅವಿಭಾಜ್ಯವಾಗಿವೆ. ಕನ್ನಡ ಅನುವಾದಕರು ಇದನ್ನು ಎರಡಾಗಿ ಒಡೆದರು: ನಂಬುವುದಕ್ಕೆ ‘ನಂಬಿಕೆ’, ನಡೆಯಲ್ಲಿ ತಪ್ಪದವನಿಗೆ ‘ನಂಬಿಗಸ್ತ’. ಕಥೋಲಿಕ ಬಳಕೆಯಲ್ಲಿ ‘ವಿಶ್ವಾಸ’ ಎಂಬ ಸಂಸ್ಕೃತ ಪದ ಹೆಚ್ಚು ಪ್ರಚಲಿತ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಆತನ ಸಹೋದ್ಯೋಗಿಗಳ ಶ್ರಮದಿಂದ ೧೮೩೧ರಲ್ಲಿ ಸಂಪೂರ್ಣ ಕನ್ನಡ ಬೈಬಲ್ ಹೊರಬಂದ ಮೇಲೆ, ಮುಂದಿನ ಪರಿಷ್ಕರಣೆಗಳಲ್ಲಿ ಸ್ಥಿರಗೊಂಡ ಈ ಪದಸಂಪತ್ತು ಇಂದಿಗೂ ಕನ್ನಡ ಕ್ರೈಸ್ತರ ನಿತ್ಯದ ಮಾತಾಗಿದೆ.

ಈ ಒಡೆಯುವಿಕೆ ಅನಿವಾರ್ಯವಾಗಿತ್ತೆ? ಹನ್ನೆರಡನೆಯ ಶತಮಾನದ ಕನ್ನಡವನ್ನು ನೋಡಿದರೆ ಅನುಮಾನ ಮೂಡುತ್ತದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ಪತಿಯೊಬ್ಬನನ್ನೇ ನಂಬಿದ ಹೆಂಡತಿಯನ್ನೂ ದೇವರೊಬ್ಬನನ್ನೇ ನಂಬಿದ ಭಕ್ತನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅಲ್ಲಿ ‘ನಂಬು’ ಎಂಬ ಒಂದು ಕ್ರಿಯಾಪದವೇ ಭರವಸೆ ಇಡುವುದನ್ನೂ ಬೇರೆಡೆ ಹೋಗದಿರುವುದನ್ನೂ ಹೇಳುತ್ತದೆ. ‘ಪಿಸ್ತಿಸ್’ಗೆ ಸಮಾನವಾದ ವ್ಯಾಪ್ತಿ ಕನ್ನಡದ ಈ ದೇಶೀ ಧಾತುವಿಗೆ ಇತ್ತು. ಹತ್ತೊಂಬತ್ತನೆಯ ಶತಮಾನದ ಅನುವಾದಕರ ಕಾಲಕ್ಕೆ ವಚನಸಾಹಿತ್ಯ ಇನ್ನೂ ಓಲೆಗರಿಗಳಲ್ಲಿಯೇ ಹೆಚ್ಚಾಗಿ ಉಳಿದಿದ್ದುದನ್ನು ನೆನೆದರೆ ಇದನ್ನು ಅವರ ದೋಷವೆಂದು ಎಣಿಸಬೇಕಾಗಿಲ್ಲ.

‘ನಂಬಿಗಸ್ತ’ ಎಂಬ ಪದದ ಸಾಮಾಜಿಕ ನೆಲೆಯನ್ನೂ ಗಮನಿಸಬೇಕು. ಇದು ದೇವಾಲಯದ ಪದವಲ್ಲ. ಅಂಗಡಿ, ಹೊಲಮನೆ, ಲೆಕ್ಕಪತ್ರಗಳ ಲೋಕದ್ದು. ಯಜಮಾನನು ಕೀಲಿಕೈಯನ್ನು ಯಾರ ಕೈಯಲ್ಲಿ ಕೊಟ್ಟುಹೋಗಬಹುದೋ ಆ ಆಳು ನಂಬಿಗಸ್ತ. ಸಾಮಾನ್ಯ ಬಳಕೆಯಲ್ಲಿ ಆಳನ್ನು ಕುರಿತು ಈ ಮಾತನ್ನು ಹೇಳುತ್ತೇವೆಯೇ ಹೊರತು ಒಡೆಯನನ್ನು ಕುರಿತು ಹೇಳುವುದಿಲ್ಲ. ಆದರೆ ಕನ್ನಡ ಬೈಬಲ್ ಪೌಲನ ಪತ್ರಿಕೆಗಳಲ್ಲಿ ದೇವರಿಗೇ ಈ ವಿಶೇಷಣವನ್ನು ಕೊಡುತ್ತದೆ. ಸೇವಕನ ಗುಣವಾಚಕವು ಒಡೆಯನ ಮೇಲೆ ಕುಳಿತಾಗ ಉಂಟಾಗುವ ಈ ಅಪರಿಚಿತತೆ ಕನ್ನಡದ ಓದುಗನಿಗೆ ಮಾತ್ರ ದಕ್ಕುವ ಅರ್ಥವಿಶೇಷ. ಇದರ ಮಹತ್ವವನ್ನು ಲೇಖನದ ಐದನೆಯ ಭಾಗದಲ್ಲಿ ವಿವೇಚಿಸಲಾಗುವುದು.

೩. ಕಲ್ಲಿನಲ್ಲಿ ನಿಂತ ನಿಷ್ಠೆ

ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ಹಳ್ಳಿಗಳಲ್ಲಿ ವೀರಗಲ್ಲು, ಮಹಾಸತಿಕಲ್ಲು, ನಿಷಿಧಿಗಲ್ಲುಗಳು ಕೆರೆಯ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ಕಾಣಸಿಗುತ್ತವೆ. ಇವು ಮೂರೂ ಮಡಿದವರ ಸ್ಮಾರಕಗಳಾದರೂ ನಿಷ್ಠೆಯ ದಿಕ್ಕು ಪ್ರತಿಯೊಂದರಲ್ಲಿಯೂ ಬೇರೆ. ವೀರನ ನಿಷ್ಠೆ ಒಡೆಯನಿಗೆ ಅಥವಾ ಊರಿಗೆ, ಸತಿಯ ನಿಷ್ಠೆ ಗಂಡನಿಗೆ, ಜೈನ ಸಾಧಕನ ನಿಷ್ಠೆ ವ್ರತಕ್ಕೆ. ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬) ಕೃತಿಯಲ್ಲಿ ವೇಳೆವಾಳಿ, ಲೆಂಕವಾಳಿ, ಕೀಳ್ಗುಂಟೆ ಮುಂತಾದ ಆತ್ಮಬಲಿಯ ಸಂಪ್ರದಾಯಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಉಂಡ ಜೋಳದ ಋಣವನ್ನು ಪ್ರಾಣದಿಂದ ತೀರಿಸುವುದೇ ಈ ಮೌಲ್ಯವ್ಯವಸ್ಥೆಯ ತಿರುಳು.

ವೀರಗಲ್ಲಿನ ಶಿಲ್ಪವಿನ್ಯಾಸ ಸಾಮಾನ್ಯವಾಗಿ ಮೂರು ಹಂತದ್ದು. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಲಿಂಗದ ಅಥವಾ ಇಷ್ಟದೈವದ ಸನ್ನಿಧಿ. ನಿಷ್ಠೆ, ಸಾವು, ಫಲ ಎಂಬ ಮೂರೂ ಒಂದೇ ಕಲ್ಲಿನಲ್ಲಿ ನೋಡುಗನ ಕಣ್ಣೆದುರು ಪೂರ್ಣಗೊಳ್ಳುತ್ತವೆ. ಬೈಬಲಿನಲ್ಲಿಯೂ ಇದಕ್ಕೆ ಸಮೀಪದ ಚಿತ್ರವಿದೆ. ಪ್ರಕಟನೆ ಗ್ರಂಥದಲ್ಲಿ ಸ್ಮುರ್ನದ ಸಭೆಗೆ ಬರುವ ಸಂದೇಶ ಸಾಯುವ ತನಕ ನಂಬಿಗಸ್ತರಾಗಿರುವವರಿಗೆ ಜೀವದ ಕಿರೀಟವನ್ನು ವಾಗ್ದಾನ ಮಾಡುತ್ತದೆ. ಇಷ್ಟನ್ನೇ ನೋಡಿದರೆ ಎರಡು ಪರಂಪರೆಗಳೂ ಒಂದೇ ಎನಿಸುವುದು ಸಹಜ.

ಆದರೆ ಇದೇ ಬೈಬಲಿನಲ್ಲಿ ಮೇಲಿನ ಹಂತವೇ ಇಲ್ಲದ ವೀರಗಲ್ಲುಗಳೂ ಇವೆ. ದಾನಿಯೇಲನ ಗ್ರಂಥದಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಎಂಬ ಮೂವರು ಯೆಹೂದ್ಯರು ಬಾಬಿಲೋನಿನ ಅರಸನು ನಿಲ್ಲಿಸಿದ ಬಂಗಾರದ ಪ್ರತಿಮೆಗೆ ಅಡ್ಡಬೀಳಲು ಒಪ್ಪುವುದಿಲ್ಲ. ಉರಿಯುವ ಕುಲುಮೆಯ ಮುಂದೆ ಅವರು ಹೇಳುವ ಮಾತಿನ ಸಾರ ವಿಚಾರಾರ್ಹ: ನಮ್ಮ ದೇವರು ನಮ್ಮನ್ನು ಬಿಡಿಸಬಲ್ಲನು, ಬಿಡಿಸದೆ ಹೋದರೂ ನಾವು ಬಾಗುವುದಿಲ್ಲ. ಕಥೆಯಲ್ಲಿ ಅವರು ಬದುಕಿ ಬರುತ್ತಾರೆ ನಿಜ. ಆದರೆ ನಿಷ್ಠೆಯ ಮಾತು ಆ ಬಿಡುಗಡೆಗೆ ಮೊದಲೇ, ಅದನ್ನು ನೆಚ್ಚದೆ ಆಡಿದ್ದು. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ ಹೇಬೆಲನಿಂದ ಆರಂಭಿಸಿ ನಂಬಿಕೆಯ ವೀರರನ್ನು ಸಾಲಾಗಿ ನಿಲ್ಲಿಸುತ್ತದೆ. ಆ ಸಾಲಿನಲ್ಲಿ ರಾಜ್ಯಗಳನ್ನು ಗೆದ್ದವರೂ ಕಲ್ಲೆಸೆತಕ್ಕೆ ಸಿಕ್ಕಿ ಸತ್ತವರೂ ಇದ್ದಾರೆ. ಅವರಾರೂ ವಾಗ್ದಾನದ ಫಲವನ್ನು ಕೈಯಾರೆ ಪಡೆಯಲಿಲ್ಲವೆಂದು ಹೇಳಿ ಅಧ್ಯಾಯ ಮುಗಿಯುತ್ತದೆ. ವೀರಗಲ್ಲು ಫಲವನ್ನು ಕೆತ್ತಿ ತೋರಿಸಿದರೆ ಈ ಅಧ್ಯಾಯ ಫಲದ ಜಾಗವನ್ನು ಖಾಲಿ ಬಿಡುತ್ತದೆ.

ಫಲನಿರಪೇಕ್ಷವಾದ ಇಂಥ ನಿಷ್ಠೆಗೆ ಈ ಪರಿಸರದಲ್ಲಿ ಸಮಾಂತರವಾಗಿ ನಿಲ್ಲುವುದು ನಿಷಿಧಿಗಲ್ಲು. ಬಂದಳಿಕೆಯ ಶಾಸನವೊಂದು ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಯಾಗಿದ್ದ ಜಕ್ಕಿಯಬ್ಬೆಯ ವಿಷಯವನ್ನು ತಿಳಿಸುತ್ತದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳ್ವಿಕೆಯಲ್ಲಿ, ಪತಿ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ ಆತನ ಅಧಿಕಾರ ಈಕೆಗೆ ಬಂದಿತು. ಆಡಳಿತವನ್ನು ಸಮರ್ಥವಾಗಿ ನಡೆಸಿದ ಜಕ್ಕಿಯಬ್ಬೆ, ರೋಗ ಬಾಧಿಸಿದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ತೀರ್ಥದಲ್ಲಿ ಸಲ್ಲೇಖನ ವ್ರತವನ್ನು ಕೈಗೊಂಡಳು. ಗಂಡ ಸತ್ತಾಗ ಈಕೆ ಚಿತೆಯನ್ನೇರಲಿಲ್ಲ, ಹೊಣೆಯನ್ನು ಹೊತ್ತಳು. ಹೊಣೆಯನ್ನು ಹೊರಲಾರದಾದಾಗ ಕ್ರಮವಾಗಿ ಇಳಿಸಿ ಹೊರಟಳು. ಮತ್ತಾಯನ ಸುವಾರ್ತೆಯಲ್ಲಿ ಒಡೆಯನು ದೂರದೇಶಕ್ಕೆ ಹೋಗುವಾಗ ಕೊಟ್ಟ ಹಣದ ಲೆಕ್ಕವನ್ನು ಒಪ್ಪಿಸುವ ನಂಬಿಗಸ್ತ ಆಳುಗಳ ಸಾಮತಿ ಇದೆ. ಕೊಟ್ಟುದನ್ನು ಬೆಳೆಸಿ ಒಪ್ಪಿಸುವ ಈ ಮೌಲ್ಯಕ್ಕೆ ಶಿಕಾರಿಪುರದ ನೆಲದಲ್ಲಿ ಜಕ್ಕಿಯಬ್ಬೆಗಿಂತ ಉತ್ತಮ ಉದಾಹರಣೆ ಸಿಗದು.

ವ್ಯತ್ಯಾಸವೂ ಇಲ್ಲಿಯೇ ಸ್ಪಷ್ಟವಾಗುತ್ತದೆ. ಜಕ್ಕಿಯಬ್ಬೆಯ ನಿಷ್ಠೆಗೆ ಎದುರಾಗಿ ನಿಂತು ಅದನ್ನು ಸ್ವೀಕರಿಸುವ ಸೃಷ್ಟಿಕರ್ತನಿಲ್ಲ. ಜಿನನು ಆದರ್ಶನೇ ಹೊರತು ಒಡಂಬಡಿಕೆಯ ಪಕ್ಷಕಾರನಲ್ಲ. ವ್ರತವೇ ಅವಳ ಸಾಕ್ಷಿ, ಅವಳೇ ಅದರ ಕಾವಲು. ಆದ್ದರಿಂದ ಅಲ್ಲಿ ಮುರಿದ ನಿಷ್ಠೆಯನ್ನು ಮರಳಿ ಕಟ್ಟಿಕೊಡುವ ಎರಡನೆಯವನೂ ಇಲ್ಲ. ಬೈಬಲಿನ ನಿಷ್ಠೆ ಇಬ್ಬರ ನಡುವಿನದು. ಅದು ಮುರಿಯಬಲ್ಲುದು, ಮುರಿದ ಮೇಲೆ ಎರಡನೆಯವನು ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿದೆ.

ಮಹಾಸತಿಕಲ್ಲಿನ ಎದುರು ರೂತಳ ಕಥೆಯನ್ನೂ ಇಟ್ಟುನೋಡಬಹುದು. ಮೋವಾಬಿನ ಈ ವಿಧವೆ ಗಂಡನ ಹಿಂದೆ ಸಾಯಲು ಹೊರಡುವುದಿಲ್ಲ. ಬರಿಗೈಯಾದ ಅತ್ತೆ ನವೊಮಿಯ ಹಿಂದೆ ಬದುಕಲು ಹೊರಡುತ್ತಾಳೆ. ಅನ್ಯದೇಶದ ಹೊಲಗಳಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕುತ್ತಾಳೆ. ಅವಳ ನಡೆಯನ್ನು ಆ ಗ್ರಂಥ ‘ಹೆಸೆದ್’ ಎಂದೇ ಕರೆಯುತ್ತದೆ. ದೇವರ ಗುಣಕ್ಕೆ ಬಳಸುವ ಪದವನ್ನು ಪರಕೀಯ ಹೆಣ್ಣಿನ ದಿನಗೂಲಿಯಂಥ ಬಾಳಿಗೆ ಬಳಸಿದ್ದು ಅರ್ಥಪೂರ್ಣ.

ನಿಷ್ಠೆಗೆ ಒಂದು ಕಠಿಣ ಮುಖವೂ ಇದೆ. ಶಿಕಾರಿಪುರಕ್ಕೆ ದೂರವಲ್ಲದ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಂದಿಗಿನ ವಾದದಲ್ಲಿ ತಲೆಯನ್ನೇ ಅರಿದು ಮರಳಿ ಪಡೆದ ಪವಾಡವನ್ನು ಹೇಳುತ್ತದೆ. ಬೈಬಲಿನಲ್ಲಿ ಎಲೀಯನು ಕರ್ಮೆಲ್ ಬೆಟ್ಟದ ಮೇಲೆ ಬಾಳನ ಪ್ರವಾದಿಗಳನ್ನು ಪಂಥದಲ್ಲಿ ಗೆದ್ದು ಅವರನ್ನು ಕೊಲ್ಲಿಸುತ್ತಾನೆ. ಏಕದೈವನಿಷ್ಠೆ ಪರಮತದ ಮೇಲಿನ ಆಯುಧವಾಗುವ ಅಪಾಯ ಎರಡೂ ಕಡೆ ಇದೆ. ಇದಕ್ಕೆ ಪ್ರತಿಯಾಗಿ ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ ೧೧೬೨ರ ಶಾಸನವನ್ನು ನೆನೆಯಬೇಕು. ಕಾಳಾಮುಖ ಶೈವರ ಆ ಮಠದಲ್ಲಿ ಹಲವು ದರ್ಶನಗಳ ವ್ಯಾಸಂಗ ನಡೆಯುತ್ತಿತ್ತು. ಜೈನ, ಬೌದ್ಧ ಯತಿಗಳಾದಿಯಾಗಿ ಎಲ್ಲ ಪಂಥದವರಿಗೂ ದೀನರಿಗೂ ರೋಗಿಗಳಿಗೂ ಆಶ್ರಯ ದೊರೆಯುತ್ತಿತ್ತು. ತನ್ನ ದೈವಕ್ಕೆ ನಿಷ್ಠವಾಗಿರುವುದಕ್ಕೆ ಅನ್ಯರ ದೈವವನ್ನು ಕೆಡಹಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ.

೪. ದಾಂಪತ್ಯದ ರೂಪಕ: ಹೋಶೇಯ, ರೇಣುಕೆ, ಅಕ್ಕ

ದೈವನಿಷ್ಠೆಯನ್ನು ದಾಂಪತ್ಯದ ಭಾಷೆಯಲ್ಲಿ ಹೇಳುವುದು ಎರಡೂ ಪರಂಪರೆಗಳಿಗೆ ಸಮಾನ. ಲೇಖನದ ಮುಖ್ಯ ಪ್ರಶ್ನೆ ತೀವ್ರವಾಗುವುದೂ ಇಲ್ಲಿಯೇ.

ಕ್ರಿಸ್ತಪೂರ್ವ ಎಂಟನೆಯ ಶತಮಾನದ ಪ್ರವಾದಿ ಹೋಶೇಯನು ದೇವರ ಅಪ್ಪಣೆಯಂತೆ ಗೋಮೆರಳನ್ನು ಮದುವೆಯಾಗುತ್ತಾನೆ. ಅವಳು ದ್ರೋಹ ಬಗೆಯುತ್ತಾಳೆ. ಹುಟ್ಟಿದ ಮಕ್ಕಳಿಗೆ ಕರುಣೆ ಕಾಣದವಳು, ನನ್ನ ಜನವಲ್ಲ ಎಂಬ ಅರ್ಥದ ಹೆಸರುಗಳನ್ನು ಇಡಲಾಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಪ್ರವಾದಿಯು ಹದಿನೈದು ಬೆಳ್ಳಿ ನಾಣ್ಯಗಳನ್ನೂ ಜವೆಗೋದಿಯನ್ನೂ ತೆತ್ತು, ಪರನ ವಶವಾಗಿದ್ದ ಹೆಣ್ಣನ್ನು ಮನೆಗೆ ಕರೆತರುತ್ತಾನೆ. ಈಕೆ ಗೋಮೆರಳೇ ಹೌದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಇದೆಯಾದರೂ ಗ್ರಂಥದ ಒಟ್ಟು ಆಶಯ ಸ್ಪಷ್ಟ. ಇಸ್ರಾಯೇಲು ತಪ್ಪಿದೆ, ವಂಚಿತನಾದ ದೇವರೇ ಬೆಲೆ ತೆತ್ತು ಅದನ್ನು ಮರಳಿ ಪಡೆಯುತ್ತಾನೆ.

ಚಂದ್ರಗುತ್ತಿಯ ಗುಹಾಲಯದಲ್ಲಿ ನೆಲೆಸಿರುವ ರೇಣುಕೆಯ ಪುರಾಣ ಇದಕ್ಕೆ ತೀರ ಎದುರಾಗಿದೆ. ರೇಣುಕೆ ಯಾರೊಂದಿಗೂ ಹೋದವಳಲ್ಲ. ನೀರಿಗೆ ಹೋದಾಗ ಗಂಧರ್ವನ ಜಲಕ್ರೀಡೆಯನ್ನು ಕಂಡು ಅವಳ ಮನಸ್ಸು ಒಂದು ಕ್ಷಣ ಚಲಿಸಿತು, ಅಷ್ಟೇ. ಜಮದಗ್ನಿಯ ಆಜ್ಞೆಯಂತೆ ಮಗ ಪರಶುರಾಮನು ತಾಯಿಯ ತಲೆಯನ್ನು ಕಡಿಯುತ್ತಾನೆ. ಅನಂತರ ಮಗನು ಬೇಡಿದ ವರದಿಂದ ಅವಳು ಮರಳಿ ಬದುಕುತ್ತಾಳೆ. ಗಂಡನ ಕ್ಷಮೆಯಿಂದಲ್ಲ, ಮಗನ ವಿಧೇಯತೆಗೆ ಸಂದ ಬಹುಮಾನವಾಗಿ ಎಂಬುದು ಗಮನಾರ್ಹ. ಗೋಮೆರಳ ತಪ್ಪು ದೊಡ್ಡದು, ಬೆಲೆ ತೆತ್ತವನು ಗಂಡ. ರೇಣುಕೆಯ ತಪ್ಪು ಅಣುಮಾತ್ರದ್ದು, ಬೆಲೆ ತೆತ್ತವಳು ಅವಳೇ. ಆದರೆ ಜನಪದವು ಈ ತೀರ್ಪನ್ನು ಒಪ್ಪಿ ಸುಮ್ಮನಾಗಲಿಲ್ಲ. ಶಿಕ್ಷೆಗೊಳಗಾದವಳನ್ನೇ ದೇವಿಯಾಗಿ ಗುಡಿಯಲ್ಲಿ ನಿಲ್ಲಿಸಿತು. ಶಿಕ್ಷೆ ವಿಧಿಸಿದ ಋಷಿಗೆ ಹರಕೆ ಹೊತ್ತು ಬರುವವರು ವಿರಳ. ಜನ ಸೇರುವುದು ಅವಳ ಜಾತ್ರೆಗೆ. ಪುರಾಣದ ಮೇಲೆ ಭಕ್ತರು ಬರೆದ ವಿಮರ್ಶೆ ಎಂದೇ ಈ ಆರಾಧನೆಯನ್ನು ಓದಬಹುದು.

ಆದರೂ ಹೋಶೇಯನ ಗ್ರಂಥವನ್ನು ಕೇವಲ ಕ್ಷಮೆಯ ಗ್ರಂಥವೆಂದು ಕೊಂಡಾಡುವುದು ಅಪೂರ್ಣ ಓದಾದೀತು. ಅದರ ಎರಡನೆಯ ಅಧ್ಯಾಯದಲ್ಲಿ, ಮರಳಿ ಕರೆಯುವ ಮೊದಲು, ದ್ರೋಹಿಯಾದ ಹೆಂಡತಿಯ ಬಟ್ಟೆಯನ್ನು ಕಿತ್ತು ಬೆತ್ತಲೆ ನಿಲ್ಲಿಸುವ ಬೆದರಿಕೆ ಇದೆ. ಯೆಹೆಜ್ಕೇಲನ ಹದಿನಾರನೆಯ ಅಧ್ಯಾಯ ಈ ಚಿತ್ರವನ್ನು ಇನ್ನೂ ಕ್ರೂರವಾಗಿ ಬೆಳೆಸುತ್ತದೆ. ಅಮೆರಿಕದ ವಿದುಷಿ ರೆನೀಟಾ ವೀಮ್ಸ್ ೧೯೯೫ರ ತಮ್ಮ ಕೃತಿಯಲ್ಲಿ ಪ್ರವಾದಿಗಳ ಈ ರೂಪಕವು ಗಂಡನ ಹಿಂಸೆಗೆ ದೈವಿಕ ಸಮರ್ಥನೆಯಾಗಬಹುದಾದ ಅಪಾಯವನ್ನು ಎತ್ತಿತೋರಿಸಿದ್ದಾರೆ. ದೇವರು ಗಂಡನ ಸ್ಥಾನದಲ್ಲಿದ್ದಾಗ ಗಂಡನೂ ದೇವರ ಸ್ಥಾನಕ್ಕೆ ಏರಿಬಿಡುತ್ತಾನೆ ಎಂಬುದು ಈ ಆಕ್ಷೇಪದ ಸಾರ. ಇದನ್ನು ತಳ್ಳಿಹಾಕುವಂತಿಲ್ಲ.

ಬೆತ್ತಲೆಯ ಈ ಪ್ರಶ್ನೆ ನಮ್ಮನ್ನು ಮತ್ತೆ ಈ ಎರಡು ತಾಲೂಕುಗಳಿಗೆ ತರುತ್ತದೆ. ಹೋಶೇಯನಲ್ಲಿ ಬೆತ್ತಲೆ ನಿಷ್ಠೆಗೆಟ್ಟವಳಿಗೆ ವಿಧಿಸುವ ಶಿಕ್ಷೆ. ಚಂದ್ರಗುತ್ತಿಯಲ್ಲಿ ಅದು ಹರಕೆಯ ಸಲ್ಲಿಕೆಯಾಗಿತ್ತು. ೧೯೮೬ರ ಮಾರ್ಚ್‌ನ ಜಾತ್ರೆಯಲ್ಲಿ ಬೆತ್ತಲೆಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮತ್ತು ಪೊಲೀಸರ ಮೇಲೆ ಹಲ್ಲೆ ನಡೆದು, ಅವರನ್ನೇ ವಿವಸ್ತ್ರಗೊಳಿಸಲಾಯಿತು. ಅನಂತರ ಸರ್ಕಾರ ಈ ಆಚರಣೆಯನ್ನು ನಿಷೇಧಿಸಿತು. ಹರಕೆ ತೀರಿಸುವವರು ತಮ್ಮ ನಿಷ್ಠೆಯ ಬಗ್ಗೆ ಪ್ರಾಮಾಣಿಕರಾಗಿದ್ದರು ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ನಿಷ್ಠೆಯ ಬೆಲೆಯನ್ನು ಬಹುಮಟ್ಟಿಗೆ ತೆತ್ತವರು ಕೆಳಜಾತಿಗಳ ಬಡ ಹೆಣ್ಣುಮಕ್ಕಳು ಎಂಬ ಸಂಗತಿಯನ್ನು ಪ್ರಾಮಾಣಿಕತೆಯ ಹೆಸರಿನಲ್ಲಿ ಮರೆಯುವಂತೆಯೂ ಇಲ್ಲ.

ಉಡುತಡಿಯ ಅಕ್ಕನ ದಿಗಂಬರತ್ವ ಇವೆರಡಕ್ಕಿಂತಲೂ ಭಿನ್ನ. ಹರಿಹರನ ‘ಮಹಾದೇವಿಯಕ್ಕನ ರಗಳೆ’ಯಲ್ಲಿ ಕೌಶಿಕನೊಂದಿಗಿನ ಮದುವೆ ಷರತ್ತುಗಳ ಮೇಲೆ ನಡೆಯುತ್ತದೆ. ಅರಸನು ಷರತ್ತುಗಳನ್ನು ಮುರಿದಾಗ ಮಹಾದೇವಿ ಅರಮನೆಯನ್ನೂ ಉಡುಗೆಯನ್ನೂ ತೊರೆದು ಹೊರಡುತ್ತಾಳೆ. ಮದುವೆಯೇ ನಡೆಯಲಿಲ್ಲವೆನ್ನುವ ಪರಂಪರೆಯೂ ಇದೆ. ಹರಿಹರನ ಕಥನವನ್ನು ಬೈಬಲಿನ ಪರಿಭಾಷೆಯಲ್ಲಿ ಓದಿದರೆ ಇದೊಂದು ಒಡಂಬಡಿಕೆಯ ಭಂಗ. ಇಲ್ಲಿ ತಪ್ಪಿದವನು ಗಂಡ, ತಪ್ಪದವಳು ಹೆಂಡತಿ. ಲೋಕದ ಗಂಡನ ಒಡಂಬಡಿಕೆ ಮುರಿದಾಗ ಚೆನ್ನಮಲ್ಲಿಕಾರ್ಜುನನೊಂದಿಗಿನ ಮೊದಲ ಒಡಂಬಡಿಕೆ ಬಯಲಿಗೆ ಬರುತ್ತದೆ. ಆಗ ಬೆತ್ತಲೆ ಶಿಕ್ಷೆಯೂ ಅಲ್ಲ, ಹರಕೆಯೂ ಅಲ್ಲ. ಮುರಿದ ಕರಾರಿನಿಂದ ಹೊರಬಂದವಳ ಬಿಡುಗಡೆ. ಶರಣಸತಿ-ಲಿಂಗಪತಿ ಭಾವವು ದೇವರನ್ನು ಗಂಡನ ಸ್ಥಾನದಲ್ಲಿ ಕೂರಿಸಿದರೂ ಅಕ್ಕನಲ್ಲಿ ಆ ರೂಪಕವು ಲೋಕದ ಗಂಡನ ಅಧಿಕಾರವನ್ನು ಬಲಪಡಿಸದೆ ಕಳಚಿಹಾಕುತ್ತದೆ. ಪ್ರವಾದಿಗಳ ರೂಪಕದ ಮೇಲೆ ವೀಮ್ಸ್ ಎತ್ತಿದ ಆಕ್ಷೇಪಕ್ಕೆ 12ನೆಯ ಶತಮಾನದ ಉಡುತಡಿಯಿಂದ ದೊರೆಯುವ ಉತ್ತರವಿದು ಎನ್ನಬಹುದು.

ಹಾಗೆಂದು ಅಕ್ಕನಲ್ಲಿ ಎಲ್ಲವೂ ದೊರೆಯುತ್ತದೆ ಎಂದಲ್ಲ. ಅಕ್ಕನ ನಿಷ್ಠೆ ತಪ್ಪದವಳ ನಿಷ್ಠೆ. ವಿರಹವಿದೆ, ಹುಡುಕಾಟವಿದೆ, ಆದರೆ ದ್ರೋಹ ಬಗೆದು ಮರಳಿದವಳ ಅನುಭವ ಅಲ್ಲಿಲ್ಲ. ಗೋಮೆರಳಿಗೆ ಅಕ್ಕನ ದಾರಿಯಲ್ಲಿ ನಡೆಯುವುದು ಕಷ್ಟ. ಅವಳನ್ನು ಕರೆತರಲು ಬೇರೆ ಯಾರಾದರೂ ಹೊರಡಬೇಕು.

೫. ಸೇವಕನ ವಿಶೇಷಣ

ತಪ್ಪಿದವರನ್ನು ಕುರಿತ ಈ ಪ್ರಶ್ನೆಯೇ ಹೊಸ ಒಡಂಬಡಿಕೆಯ ಕೇಂದ್ರದಲ್ಲಿದೆ. ಹಬಕ್ಕೂಕನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ನೀತಿವಂತನು ಎಮೂನಾದಿಂದ ಬದುಕುವನೆಂಬ ಮಾತು ಬರುತ್ತದೆ. ಹೀಬ್ರೂ ಪಾಠದಲ್ಲಿ ಅದು ‘ಅವನ’ ನಿಷ್ಠೆ. ಗ್ರೀಕ್ ಭಾಷಾಂತರವಾದ ಸೆಪ್ಟುಅಜಿಂಟಿನಲ್ಲಿ ಅದು ‘ನನ್ನ’, ಅಂದರೆ ದೇವರ, ನಿಷ್ಠೆ. ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಿಕೆಗಳಲ್ಲಿ ಈ ಮಾತನ್ನು ಎತ್ತಿಕೊಳ್ಳುವ ಪೌಲನು ಸರ್ವನಾಮವನ್ನೇ ಬಿಟ್ಟುಬಿಡುತ್ತಾನೆ. ಯಾರ ನಿಷ್ಠೆಯಿಂದ ಬದುಕು ಎಂಬ ಪ್ರಶ್ನೆ ಹೀಗೆ ತೆರೆದುಕೊಳ್ಳುತ್ತದೆ.

ಪೌಲನು ಬಳಸುವ ‘ಕ್ರಿಸ್ತನ ಪಿಸ್ತಿಸ್’ ಎಂಬ ಷಷ್ಠೀ ಪ್ರಯೋಗದ ಸುತ್ತಲೂ ಇಂಥದೇ ಚರ್ಚೆ ಇದೆ. ಅದು ಕ್ರಿಸ್ತನಲ್ಲಿ ಮನುಷ್ಯನು ಇಡುವ ನಂಬಿಕೆಯೆ, ಅಥವಾ ಕ್ರಿಸ್ತನೇ ತೋರಿದ ನಿಷ್ಠೆಯೆ? ೧೯೮೩ರಲ್ಲಿ ರಿಚರ್ಡ್ ಹೇಸ್ ಎರಡನೆಯ ಅರ್ಥದ ಪರವಾಗಿ ವಾದಿಸಿದ ಮೇಲೆ ಈ ಚರ್ಚೆ ಹೊಸ ಬಿರುಸನ್ನು ಪಡೆಯಿತು. ಕನ್ನಡ ಅನುವಾದ ಪರಂಪರೆ ಮೊದಲ ಅರ್ಥವನ್ನು ಹಿಡಿದು ಕ್ರಿಸ್ತನನ್ನು ನಂಬುವ ಕ್ರಿಯೆಗೆ ಒತ್ತು ಕೊಟ್ಟಿದೆ. ಇದರಿಂದ ನಿಷ್ಠೆಯ ಭಾರವೆಲ್ಲ ಭಕ್ತನ ಮೇಲೆ ಬೀಳುವಂತಾಯಿತು. ವೀರಗಲ್ಲಿನ ಪರಿಚಯವಿದ್ದ ಸಮಾಜಕ್ಕೆ ಇದು ಒಗ್ಗುವಂಥದೇ ಆಗಿತ್ತು, ಏಕೆಂದರೆ ಅಲ್ಲಿ ನಿಷ್ಠೆ ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸಲ್ಲುವ ಕಾಣಿಕೆ.

ಆದರೆ ಅದೇ ಅನುವಾದದಲ್ಲಿ ದೇವರಿಗೆ ಸಂದ ‘ನಂಬಿಗಸ್ತ’ ಎಂಬ ವಿಶೇಷಣ ಈ ಕ್ರಮವನ್ನು ಒಳಗಿನಿಂದಲೇ ತಲೆಕೆಳಗು ಮಾಡುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆ ಮೋಶೆಯನ್ನು ದೇವರ ಮನೆಯಲ್ಲಿ ನಂಬಿಗಸ್ತ ಸೇವಕನೆಂದೂ ಕ್ರಿಸ್ತನನ್ನು ಆ ಮನೆಯ ಮೇಲಿನ ನಂಬಿಗಸ್ತ ಮಗನೆಂದೂ ಕರೆಯುತ್ತದೆ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ಆ ಮಗನೇ ದಾಸನ ರೂಪ ತಾಳಿ ಸಾವಿನವರೆಗೆ ವಿಧೇಯನಾದನೆಂದು ಹೇಳುತ್ತದೆ. ಕನ್ನಡದ ಶಾಸನಲೋಕದ ಪದಗಳಲ್ಲಿ ಹೇಳುವುದಾದರೆ, ಇಲ್ಲಿ ಆಳಿಗಾಗಿ ಒಡೆಯನೇ ವೇಳೆವಾಳಿಯಾಗುತ್ತಾನೆ. ಒಡೆಯನ ಸಮಾಧಿಯ ಕೆಳಗೆ ಸೇವಕನು ಮಲಗುವ ಕೀಳ್ಗುಂಟೆಯ ಸಂಪ್ರದಾಯವನ್ನು ಬಲ್ಲ ನೆಲದಲ್ಲಿ ಈ ವಿಪರ್ಯಯದ ತೀವ್ರತೆ ಬೇರೆಡೆಗಿಂತ ಹೆಚ್ಚಾಗಿ ಅರಿವಾಗಬೇಕು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಇದೇ ವಿಚಾರ ಸೂತ್ರರೂಪವನ್ನು ಪಡೆದಿದೆ: ಮನುಷ್ಯರು ತಪ್ಪಿದರೂ ಆತನು ತಪ್ಪಲಾರನು, ತಪ್ಪಿದರೆ ಆತನು ತನ್ನನ್ನೇ ಅಲ್ಲಗಳೆದಂತಾಗುತ್ತದೆ.

ಪೇತ್ರನ ಪ್ರಸಂಗ ಇದರ ಕಥಾರೂಪ. ಸಾಯುವವರೆಗೂ ಬಿಡುವುದಿಲ್ಲವೆಂದು ಆಣೆಯಿಟ್ಟ ಶಿಷ್ಯನು ಒಂದೇ ರಾತ್ರಿಯಲ್ಲಿ ಮೂರು ಸಲ ಗುರುವನ್ನು ಅರಿಯೆನೆನ್ನುತ್ತಾನೆ. ವೀರಗಲ್ಲಿನ ನೀತಿಯಲ್ಲಿ ಇಂಥವನಿಗೆ ಕಲ್ಲು ನಿಲ್ಲುವುದಿಲ್ಲ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ಅವನನ್ನು ಪ್ರೀತಿಯ ಬಗ್ಗೆ ಮೂರು ಸಲ ಕೇಳಿ, ಮೂರು ಸಲವೂ ಕುರಿಗಳ ಹೊಣೆಯನ್ನು ಒಪ್ಪಿಸುತ್ತಾನೆ. ಮುರಿದ ಕಡೆಯಲ್ಲಿಯೇ ಮತ್ತೆ ಹೊಣೆ ಬೀಳುತ್ತದೆ. ಆ ಹೊಣೆಯನ್ನು ಹೊತ್ತ ಪೇತ್ರನು ಮುಂದೆ ಸಾವಿನವರೆಗೂ ನಿಂತನೆಂಬುದು ಸಭೆಯ ಪರಂಪರೆ. ಕ್ಷಮೆಯು ಇಲ್ಲಿ ನಿಷ್ಠೆಯನ್ನು ಸಡಿಲಿಸಲಿಲ್ಲ, ಅದನ್ನು ಸಾಧ್ಯವಾಗಿಸಿತು.

ಈ ತತ್ತ್ವವನ್ನು ಕ್ರೈಸ್ತ ಸಭೆ ತನ್ನ ಇತಿಹಾಸದಲ್ಲಿ ಯಾವಾಗಲೂ ಪಾಲಿಸಿಕೊಂಡು ಬಂದಿದೆ ಎನ್ನಲಾಗದು. ಮೂರನೆಯ ಮತ್ತು ನಾಲ್ಕನೆಯ ಶತಮಾನಗಳ ರೋಮನ್ ಹಿಂಸಾಚಾರದ ಕಾಲದಲ್ಲಿ ಹೆದರಿ ನಂಬಿಕೆಯನ್ನು ಬಿಟ್ಟವರನ್ನು ಮರಳಿ ಸೇರಿಸಿಕೊಳ್ಳಬೇಕೆ ಎಂಬ ಪ್ರಶ್ನೆಯ ಮೇಲೆ ಸಭೆಯೇ ಒಡೆಯಿತು. ಉತ್ತರ ಆಫ್ರಿಕದ ಡೊನಾಟಿಸ್ಟರು ತಪ್ಪಿದ ಧರ್ಮಾಧಿಕಾರಿಗಳ ಸೇವೆಯನ್ನು ಮಾನ್ಯಮಾಡಲಿಲ್ಲ. ಅವರ ವಿರುದ್ಧ ವಾದಿಸಿದ ಅಗಸ್ಟೀನನು ಸಂಸ್ಕಾರದ ಬಲ ಮನುಷ್ಯನ ನಿಷ್ಠೆಯಲ್ಲಿಲ್ಲ, ಕ್ರಿಸ್ತನ ನಿಷ್ಠೆಯಲ್ಲಿದೆ ಎಂಬ ನಿಲುವನ್ನು ತಾಳಿದನು. ಅದೇ ಅಗಸ್ಟೀನನು ಮುಂದೆ ಅವರ ಮೇಲೆ ರಾಜಬಲದ ಪ್ರಯೋಗವನ್ನೂ ಸಮರ್ಥಿಸಿದ್ದು ಈ ಚರಿತ್ರೆಯ ವಿಪರ್ಯಾಸ.

೬. ಸಮಾರೋಪ

ಒಟ್ಟಾರೆಯಾಗಿ ಈ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಶಿಕಾರಿಪುರ-ಸೊರಬ ಪರಿಸರದ ನಿಷ್ಠೆ ಏಕರೂಪಿಯಲ್ಲ. ಒಡೆಯನಿಗಾಗಿ ಮಡಿದ ವೀರ, ವ್ರತಕ್ಕಾಗಿ ದೇಹ ಬಿಟ್ಟ ಜಕ್ಕಿಯಬ್ಬೆ, ಮುರಿದ ಕರಾರಿನಿಂದ ಹೊರನಡೆದ ಅಕ್ಕ, ಶಿಕ್ಷೆಯುಂಡು ದೇವಿಯಾದ ರೇಣುಕೆ, ಇವರು ಒಂದೇ ಪದದ ನಾಲ್ಕು ಭಿನ್ನ ಅರ್ಥಗಳು. ಎರಡು, ಬೈಬಲಿನ ವೈಶಿಷ್ಟ್ಯ ಇರುವುದು ನಿಷ್ಠೆಯ ಉಗ್ರತೆಯಲ್ಲಲ್ಲ. ಉಗ್ರತೆಯಲ್ಲಿ ನಮ್ಮ ಕಲ್ಲುಗಳು ಯಾವ ಹುತಾತ್ಮರಿಗೂ ಕಡಿಮೆಯಲ್ಲ. ನಿಷ್ಠೆ ಮುರಿದಾಗ ವಂಚಿತನಾದ ಮೇಲಿನವನೇ ಅದರ ಬೆಲೆ ತೆರುತ್ತಾನೆ ಎಂಬುದರಲ್ಲಿ ಅದರ ವೈಶಿಷ್ಟ್ಯವಿದೆ. ಮೂರು, ಆ ಗ್ರಂಥದ ದಾಂಪತ್ಯರೂಪಕದಲ್ಲಿ ಉಳಿದಿರುವ ಹಿಂಸೆಯ ಕಲೆಯನ್ನು ಗುರುತಿಸಲು ಅಕ್ಕನ ಬಾಳು ನಮಗೆ ಒಂದು ಅಳತೆಗೋಲನ್ನು ಒದಗಿಸುತ್ತದೆ.

ಕನ್ನಡ ಬೈಬಲಿನ ಭಾಷೆಯನ್ನು ಮಿಷನರಿಗಳ ಕೃತಕ ಗದ್ಯವೆಂದು ಬದಿಗಿರಿಸುವ ಧೋರಣೆ ನಮ್ಮ ವಿಮರ್ಶೆಯಲ್ಲಿ ಬಹುಕಾಲ ಇತ್ತು. ಅಂಗಡಿಯ ಲೆಕ್ಕದ ಪುಸ್ತಕದಿಂದ ಎತ್ತಿಕೊಂಡ ‘ನಂಬಿಗಸ್ತ’, ಕರಾರುಪತ್ರದ ‘ಒಡಂಬಡಿಕೆ’, ವಚನಕಾರರ ‘ನಂಬು’, ಈ ಮೂರರ ಚರಿತ್ರೆಯನ್ನು ಶಾಸನ ಮತ್ತು ವಚನಗಳೊಂದಿಗೆ ಇಟ್ಟು ಪರಿಶೀಲಿಸಿದರೆ ಆ ಧೋರಣೆ ನಿಲ್ಲಲಾರದು. ಏಳು ಮತ್ತು ಎಂಟನೆಯ ಶಾಸನಸಂಪುಟಗಳ ಪಕ್ಕದಲ್ಲಿ ಕನ್ನಡ ಬೈಬಲಿನ ಪರಿಷ್ಕರಣೆಗಳನ್ನೂ ತೆರೆದಿಟ್ಟು ನಿಷ್ಠಾವಾಚಕ ಪದಗಳ ಕೋಶವೊಂದನ್ನು ಸಿದ್ಧಪಡಿಸುವುದು ಮುಂದಿನ ಸಂಶೋಧಕರ ಕೈಗೂಡಬಹುದಾದ, ಕೈಗೊಳ್ಳಲೇಬೇಕಾದ ಕೆಲಸ.